ಕಳ್ಳಿಬೇಲಿಗೆ ನಾನು ಹಚ್ಚಿದ ಹುಳ

ನನ್ನನ್ನು ಕೊಟ್ಟದ್ದು ಅಕ್ಕಲಕೋಟೆ ಸೀಮೆಯ ಒಂದು ಒಕ್ಕಲುತನದ ಮನೆಗೆ, ವಾಗದರಿಗೆ ಹತ್ತಿರದ ಹಳ್ಳಿಯಲ್ಲಿ. ತವರು ಸೊಲ್ಲಾಪುರ. ಅಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ಮರಾಠಿ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದೆ, ಅಷ್ಟಕ್ಕೇ ನನಗೆ ಬಹಳ ಸೊಕ್ಕಿತ್ತು. ಹದಿನೈದು ತುಂಬಿದಾಗ ಗಂಡನ ಮನೆಗೆ ಬಂದೆ. ಮಾವ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ, ಗಂಡ, ಮದುವೆಯಾಗದ ಒಬ್ಬ ನಾದಿನಿ. ಹೊಲ, ಎತ್ತು, ಕಾಳಿನ ಹಗೇವು ಎಲ್ಲ ಇದ್ದ ಮನೆ. ಉಣ್ಣುವುದಕ್ಕೆ, ಉಡುವುದಕ್ಕೆ ಕೊರತೆ ಇರಲಿಲ್ಲ. ನನಗೆ ಸೇರದೆ ಇದ್ದದ್ದು ಒಂದೇ, ಹಿತ್ತಲ ಸುತ್ತ ಬೆಳೆದಿದ್ದ ಡಬ್ಬಗಳ್ಳಿಯ ಬೇಲಿ.

ಆಳೆತ್ತರದ ಬೇಲಿ ಅದು. ದಪ್ಪ ದಪ್ಪ ಎಲೆ, ಎಲೆಯ ತುದಿಗೆ ಮತ್ತೊಂದು ಎಲೆ, ಅದರ ಹೆಗಲಿಗೆ ಇನ್ನೆರಡು, ಹೀಗೆ ಹೆಣೆದುಕೊಂಡು ಹಾವು ಕೂಡ ನುಗ್ಗದಷ್ಟು ಒತ್ತಾಗಿತ್ತು. ಉದ್ದ ಮುಳ್ಳು ಕಣ್ಣಿಗೆ ಕಾಣುತ್ತದೆ, ಅದರಿಂದ ತಪ್ಪಿಸಿಕೊಳ್ಳಬಹುದು. ಮುಳ್ಳಿನ ಬುಡದಲ್ಲಿ ಜೋಳದ ಸುಂಕಿನಂಥ ಸಣ್ಣ ಕೂದಲು ಇರುತ್ತವೆ. ಅವು ಕಾಣುವುದಿಲ್ಲ. ಚರ್ಮದೊಳಗೆ ಹೊಕ್ಕರೆ ಎಂಟು ದಿನ ಉರಿ, ತುರಿಕೆ.

ಈ ಬೇಲಿ ಹಾಕಿದವರು ನಮ್ಮ ಅತ್ತೆ. ಅವರು ಹುಲಜಂತಿಯ ಕಡೆಯಿಂದ ಮದುವೆಯಾಗಿ ಬಂದಾಗ ಹಿತ್ತಲು ಬಟ್ಟಬಯಲಾಗಿತ್ತಂತೆ. ಬಚ್ಚಲಿಗೆ ಸೊಂಟದೆತ್ತರದ ಗೋಡೆ, ಮೇಲೆ ಚಾವಣಿ ಇಲ್ಲ. ಹಾದಿಯಲ್ಲಿ ಹೋಗುವವರು ಕತ್ತು ಚಾಚಿದರೆ ಸ್ನಾನ ಮಾಡುವವರು ಕಾಣುತ್ತಿದ್ದರು. ಅತ್ತೆ ಎಲ್ಲಿಂದಲೋ ಕಳ್ಳಿಯ ಎಲೆಗಳನ್ನು ತಂದು ಗೇಣಿಗೊಂದರಂತೆ ತಾವೇ ಊರಿದರು. ನಾನು ಬರುವ ಹೊತ್ತಿಗೆ ಅದರ ಆಸರೆ ನಮ್ಮ ಮನೆಗಷ್ಟೇ ಅಲ್ಲ, ಸುತ್ತಲಿನ ನಾಲ್ಕೈದು ಮನೆಗೂ ಬೇಕಾಗಿತ್ತು. ಬೇಲಿ ಹಾದಿಯಿಂದ ಒಳಕ್ಕೆ ಬಾಗುವ ಕಡೆಯಲ್ಲಿ ಒಂದು ಮರೆಯಿತ್ತು. ಹೆಣ್ಣುಮಕ್ಕಳು ಬಯಲಿಗೆ ಹೋಗುತ್ತಿದ್ದದ್ದು ಅಲ್ಲಿಗೆ. ಸೊಲ್ಲಾಪುರದ ಮನೆಯ ಹಿಂದೆ ಕಟ್ಟಿಸಿದ ಪಾಯಖಾನೆ ಕಂಡಿದ್ದ ನನಗೆ ಅಲ್ಲಿಗೆ ಹೋಗುವುದೆಂದರೆ ಸತ್ತಂತಾಗುತ್ತಿತ್ತು. ಆ ಮರೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಆಗ ಯೋಚಿಸಿದವಳೇ ಅಲ್ಲ.

ಬೇಲಿಯನ್ನು ವರ್ಷಕ್ಕೊಮ್ಮೆ ಸವರಬೇಕು. ಸವರದಿದ್ದರೆ ಅದು ಹಾದಿಗೆ ನುಗ್ಗುತ್ತದೆ, ಬಚ್ಚಲಿನೊಳಗೆ ಬಾಗುತ್ತದೆ, ಪಕ್ಕದವರ ಅಂಗಳಕ್ಕೂ ಕೈಚಾಚುತ್ತದೆ. ದಸರೆ ಮುಗಿದು ಹಿಂಗಾರಿ ಬಿತ್ತನೆಯ ಗದ್ದಲ ಇಳಿದ ಮೇಲೆ ಅತ್ತೆ ಉದ್ದ ಬಿದಿರಿಗೆ ಕುಡುಗೋಲು ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾನು ಬಂದ ವರ್ಷ ಅವರ ಮೊಣಕಾಲು ಬಾತುಕೊಂಡಿತು. ಹಿರಿಯ ಸೊಸೆ ನಾನೇ, ಕಿರಿಯ ಸೊಸೆಯೂ ನಾನೇ. ಕೆಲಸ ನನ್ನ ಕೈಗೆ ಬಂತು. ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಹೇಳಿಕೊಟ್ಟರು.

“ಎಲಿ ನಡಬರಕ ಕೊಯ್ಯಬ್ಯಾಡ. ಎಲಿಗೆ ಎಲಿ ಕೂಡಿದ್ದಲ್ಲೆ, ಆ ಗೆಣ್ಣಿಗೆ ಕೊಯ್ಯಿ. ಗಾಳಿಗೆ ಬೆನ್ನ ಕೊಟ್ಟು ನಿಂದರು. ಇಲ್ಲಂದ್ರ ಸುಂಕು ಕಣ್ಣಿಗೆ ಹಾರತೈತಿ.”

“ಕೆಳಗ ಬಿದ್ದದ್ದು ಏನ ಮಾಡೂದ್ರಿ?”

“ಕವಗೋಲಿಲೆ ಎತ್ತಿ ಆ ಕಲ್ಲಬಂಡಿ ಮ್ಯಾಲ ಹಾಕು. ಬಿಸಲಿಗೆ ಒಣಗಲಿ. ಮಣ್ಣಾಗ ಬಿಟ್ಟೀ ಅಂದ್ರ ಬಿದ್ದಲ್ಲೆ ಬೇರ ಬಿಡತೈತಿ.”

ಅರ್ಧ ಬೇಲಿ ಮುಗಿಯುವಷ್ಟರಲ್ಲಿ ಮೇಲಿಂದ ಒಂದು ದೊಡ್ಡ ಟೊಂಗೆ ಕಳಚಿ ನನ್ನ ಮುಂಗೈ ಮೇಲೆ ಬಿತ್ತು. ನಾನು ಕೂಗಿಕೊಂಡೆ. ಬೇಲಿಯ ಆಚೆ ಒಂದು ಚಿಕ್ಕ ಮನೆಯಿತ್ತು. ಅಲ್ಲಿ ಮಾವನ ಕಾಕನ ಮಗನ ಹೆಂಡತಿ ಒಬ್ಬರೇ ಇದ್ದರು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ಹಸು, ಒಂದು ತುಂಡು ಹೊಲ. ಅತ್ತೆಗೆ ವಾರಗಿತ್ತಿಯಾಗಬೇಕು, ನನಗೆ ಚಿಗವ್ವ. ನನ್ನ ದನಿ ಕೇಳಿ ಚಿಗವ್ವ ಓಡಿಬಂದರು. ನನ್ನನ್ನು ತಮ್ಮ ಹೊಸ್ತಿಲಿಗೆ ಕರೆದುಕೊಂಡು ಹೋಗಿ ಬೆಲ್ಲ ಕಾಸಿ, ಅಂಟಾಗುವಷ್ಟು ಆರಿಸಿ, ಮುಂಗೈಗೆ ಸವರಿ ಹಳೆಯ ಅರಿವೆ ಒತ್ತಿ ಕಿತ್ತರು. ಸುಂಕೆಲ್ಲ ಅರಿವೆಗೆ ಬಂತು. ಉಳಿದದ್ದನ್ನು ಚಿಮಟಿಯಿಂದ ಒಂದೊಂದಾಗಿ ತೆಗೆದರು. ಒಂದು ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು.

“ಅಳಬ್ಯಾಡ ತಂಗಿ. ಎಲ್ಲಾರಿಗೂ ಒಮ್ಮಿ ಆಗೂದ ಇದು. ನಿಮ್ಮತ್ತಿಗೆ ತೆಗದಾಕಿ ನಾನ, ನನಗ ತೆಗದಾಕಿ ನಿಮ್ಮತ್ತಿ,” ಎಂದರು.

ಅವರಿಬ್ಬರದು ಹಾಗೆಯೇ ಇತ್ತು. ಒಬ್ಬರ ಮನೆಯ ಮಜ್ಜಿಗೆ ಇನ್ನೊಬ್ಬರ ಮನೆಗೆ, ಇಲ್ಲಿಯ ಕೆಂಡ ಅಲ್ಲಿಗೆ. ಬೇಲಿಯ ಒಂದು ಮೂಲೆಯಲ್ಲಿ ಕೈ ತೂರುವಷ್ಟು ಸಂದು ಬಿಟ್ಟುಕೊಂಡಿದ್ದರು.

ಮರುವರ್ಷ ಮಳೆಗಾಲದಲ್ಲಿ ಚಿಗವ್ವನ ಕರು ಬೇಲಿಗೆ ಮೂತಿ ಹಾಕಲು ಹೋಗಿ ಒಂದು ಕಣ್ಣು ಕಳೆದುಕೊಂಡಿತು. ಅವರು ಕರುವಿನ ಕೊರಳು ತಬ್ಬಿಕೊಂಡು ಅಂಗಳದಲ್ಲಿ ಕೂತು, “ಈ ಕಳ್ಳಿ ಸುಟ್ಟು ಬೂದಿ ಆಗಲಿ,” ಎಂದರು. ನಾವೆಲ್ಲ ಕೇಳಿಸಿಕೊಂಡೆವು. ಅತ್ತೆ ತಾವೇ ಹರಳೆಣ್ಣೆ ತೆಗೆದುಕೊಂಡು ಹೋಗಿ ಕರುವಿನ ಕಣ್ಣಿಗೆ ಹಚ್ಚಿ ಬಂದರು.

ಆ ವರ್ಷವೂ ದಸರೆಯಾದ ಮೇಲೆ ನಾನೇ ಬೇಲಿ ಸವರಿದೆ. ಈ ಸಲ ಕೂಗಲಿಲ್ಲ, ಆದರೆ ಎರಡೂ ಅಂಗೈ, ಮುಂಗೈ ಗಾಯವಾದವು. ಹಾಗೇ ದೀಪಾವಳಿಗೆ ತವರಿಗೆ ಹೋದೆ. ಸೊಲ್ಲಾಪುರದಲ್ಲಿ ಲಷ್ಕರಿ ಕಾಯ್ದೆ ಬಂದು ಹೋದ ಮರುವರ್ಷ ಅದು. ಪೇಟೆ ಮತ್ತೆ ಗಿಜಿಗುಡುತ್ತಿತ್ತು. ಬಳೆ ಇಡಿಸಲು ಕಾಸಾರತಿಯನ್ನು ಮನೆಗೇ ಕರೆಸಿದ್ದರು. ಓಣಿಯ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ನನ್ನ ಸರದಿ ಬಂದಾಗ ಕಾಸಾರತಿ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಕೈ ಯಾಕ ಹಿಂಗಾಗ್ಯಾವ ಬಾಯಿ?”

ನಾನು ಉತ್ತರ ಕೊಡುವ ಮೊದಲೇ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ನನ್ನನ್ನು ವನ್ಸ ಎಂದು ಕರೆಯುವವಳು, ನಗುತ್ತ ಅಂದಳು: “ನಮ್ಮ ವನ್ಸ ಈಗ ಹೊಲದಾಕಿ ಆಗ್ಯಾರ. ಇನ್ನ ಕಾಜಿನ ಬಳಿ ಯಾಕ, ಕಬ್ಬಿಣದ್ದ ಇಡ್ರಿ.”

ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯೇನಲ್ಲ. ಆದರೆ ನನಗೆ ಕೈ ಎಲ್ಲಿ ಬಚ್ಚಿಡಬೇಕೆಂದು ತಿಳಿಯಲಿಲ್ಲ. ಉಳಿದ ದಿನವೆಲ್ಲ ಸೆರಗಿನೊಳಗೆ ಕೈ ಇಟ್ಟುಕೊಂಡೇ ತಿರುಗಿದೆ. ಅವಮಾನವಾದದ್ದು ನನ್ನ ಕೈಗೆ. ಸಿಟ್ಟು ಬಂದದ್ದು ಮಾತ್ರ ಆ ಬೇಲಿಯ ಮೇಲೆ.

ಊರಿಗೆ ಹೊರಡುವ ಹಿಂದಿನ ದಿನ ಅಣ್ಣನ ಜೊತೆ ರೈಲು ಹಳಿಯ ಕಡೆ ಇದ್ದ ಗುಡಿಗೆ ಹೋಗಿದ್ದೆ. ಹಳಿಯ ಪಕ್ಕದಲ್ಲಿ ಕಳ್ಳಿಯ ಮೆಳೆಗಳು ಬಿಳಿ ಬಿಳಿಯಾಗಿ, ಹತ್ತಿ ಅಂಟಿಸಿದ ಹಾಗೆ ಕಾಣುತ್ತಿದ್ದವು. ಕೆಲವು ಕಪ್ಪಾಗಿ ಕೊಳೆತು ನೆಲಕ್ಕೆ ಕುಸಿದಿದ್ದವು. ಅಣ್ಣನನ್ನು ಕೇಳಿದೆ.

“ಸರ್ಕಾರದವ್ರು ಬಿಟ್ಟ ಹುಳ ಅದು,” ಎಂದ. “ಬ್ಯಾರೆ ಏನೂ ತಿನ್ನೂದಿಲ್ಲ, ಬರೇ ಕಳ್ಳಿ. ಹುಳ ಹತ್ತಿದ್ದ ಒಂದು ಎಲಿ ಒಯ್ದು ನಡಬರಕ ಸಿಗಿಸಿದ್ರ ಸಾಕು, ವರ್ಷದಾಗ ಇಡೀ ಮೆಳಿ ಖಲಾಸ. ಹೊಲಾ ಸಾಫ ಮಾಡಾಕ ಛಲೋ ಉಪಾಯ ಅದ.”

ಮರುದಿನ ಠೇಸನ್ನಿಗೆ ಹೋಗುವಾಗ ಟಾಂಗಾ ನಿಲ್ಲಿಸಲು ಹೇಳಿದೆ. ಅತ್ತೆಯ ಮೊಣಕಾಲಿಗೆ ಕಾಸಿ ಕಟ್ಟಲು ಕಳ್ಳಿಯ ಎಲೆ ಬೇಕು ಎಂದೆ.

“ಹುಳ ಹತ್ತಿದ್ದು ಯಾಕ? ಅಲ್ಲೆ ಛಲೋದು ಅದ ನೋಡು,” ಎಂದ ಅಣ್ಣ.

“ಹುಳ ಹತ್ತಿದ್ದಕ್ಕನ ಗುಣ ಜಾಸ್ತಿ ಅಂತ,” ಎಂದೆ.

ಅಷ್ಟು ಸಲೀಸಾಗಿ ಸುಳ್ಳು ಬಾಯಿಗೆ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅಣ್ಣ ಚಾಕುವಿನಿಂದ ಕೊಯ್ದು, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟ. ನಾನದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ, ಹೊಸ ಇಳಕಲ್ ಸೀರೆಯ ಕೆಳಗೆ ಇಟ್ಟುಕೊಂಡೆ. ಅಕ್ಕಲಕೋಟ ರೋಡ್ ಠೇಸನ್ನಿಗೆ ಗಂಡ ಗಾಡಿ ಕಟ್ಟಿಕೊಂಡು ಬಂದಿದ್ದರು. ಮನೆ ಮುಟ್ಟಿದಾಗ ಗಾಡಿಯಿಂದ ಪೆಟ್ಟಿಗೆ ಇಳಿಸಿಕೊಂಡವರು ಅತ್ತೆ. ಒಂದು ಕಾಲು ಎಳೆಯುತ್ತ, “ಹಗೂರ ಇಳಿಯವಾ, ಪ್ರಯಾಣದಾಗ ದಣಿದಿರತಿ,” ಎನ್ನುತ್ತ ಇಳಿಸಿಕೊಂಡರು.

ಎರಡು ದಿನ ಬಿಟ್ಟು, ಎಲ್ಲರೂ ಹೊಲಕ್ಕೆ ಹೋದ ಮಧ್ಯಾಹ್ನ, ನಾನು ಆ ಎಲೆಯನ್ನು ಕವೆಗೋಲಿನಲ್ಲಿ ಎತ್ತಿಕೊಂಡು ಹೋದೆ. ನಮ್ಮ ಹಿತ್ತಲ ಬದಿಗೆ ಇಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆ ಎಂದು ಸುತ್ತು ಹಾಕಿ ಆಚೆಯ ಬದಿಗೆ ಹೋಗಿ, ಚಿಗವ್ವನ ಅಂಗಳಕ್ಕೆ ಮುಖ ಮಾಡಿದ ಕಡೆ, ಮುಳ್ಳುಗಳ ನಡುವೆ ಒತ್ತಿ ಸಿಗಿಸಿದೆ. ಚಿಗವ್ವನೂ ಹೊಲಕ್ಕೆ ಹೋಗಿದ್ದರು. ಅವರ ಕಡೆಗೆ ಬೊಟ್ಟು ಹೋಗಲಿ ಎಂದು ನಾನು ಹಾಗೆ ಮಾಡಲಿಲ್ಲ. ಈ ಮಾತನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡದ್ದರಿಂದ ಏನೂ ಹಗುರಾಗಲಿಲ್ಲ.

ಹೋಳಿಹುಣ್ಣಿಮೆಯ ಹೊತ್ತಿಗೆ ಬೇಲಿಯ ಆಚೆ ಬದಿ ಬೆಳ್ಳಗಾಯಿತು. ಅತ್ತೆ ಮೊದಲು ಬೂದಿರೋಗ ಎಂದುಕೊಂಡರು. ಬೇವಿನ ಸೊಪ್ಪು ಕುದಿಸಿದ ನೀರು ಚಿಮುಕಿಸಿದರು, ಒಲೆಯ ಬೂದಿ ಎರಚಿದರು. ಕಡೆಗೆ ತಾವೇ ಕುಡುಗೋಲು ಹಿಡಿದು ನಿಂತು ಬೆಳ್ಳಗಾದ ಎಲೆಗಳನ್ನೆಲ್ಲ ಕೊಯ್ಯತೊಡಗಿದರು. ಮೂರು ದಿನ ಕೊಯ್ದರು. ಮೊಣಕಾಲು ಮಡಚಲು ಬಾರದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದರು. ನಾನು ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿದ್ದೆ. ಅವರು ಒಂದು ಬಿಳಿಯ ಗುಂಜನ್ನು ಬೆರಳಲ್ಲಿ ಹಿಚುಕಿದರು. ಬೆರಳು ಕುಂಕುಮ ಮುಟ್ಟಿದಂತೆ ಕೆಂಪಾಯಿತು.

“ಇದು ರೋಗಲ್ಲ, ಹುಳ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಸೊಲ್ಲಾಪುರದ ಕಡೆ ಇಂಥಾದ್ದು ನೋಡೀಯೇನ?” ಎಂದು ಕೇಳಿದರು.

“ಇಲ್ರಿ,” ಎಂದೆ.

ಆ ಕ್ಷಣದಲ್ಲಿ ಹೇಳಿದ್ದರೆ ಆಗುತ್ತಿದ್ದದ್ದು ಒಂದು ದಿನದ ಬೈಗುಳ. ಬಹುಶಃ ಅರ್ಧ ಬೇಲಿಯಾದರೂ ಉಳಿಯುತ್ತಿತ್ತು. ಹುಳ ಎಲ್ಲಿಂದ ಶುರುವಾಯಿತೆಂದು ಗೊತ್ತಾದರೆ ಆ ಭಾಗವನ್ನು ಬುಡಸಮೇತ ಕಿತ್ತು ಸುಡಬಹುದಿತ್ತು. ನಾನು ಸುಮ್ಮನೆ ಬುಟ್ಟಿ ತುಂಬಿಕೊಂಡು ಹೋಗಿ ಸುರಿದು ಬಂದೆ.

ಬೇಸಿಗೆಯಲ್ಲಿ ಗಂಡ ಠೇಸನ್ನಿನ ಕಡೆ ಹೋಗಿ ಬಂದವರು ಒಂದು ಸುದ್ದಿ ತಂದರು. ಸೊಲ್ಲಾಪುರದ ಹಾದಿಯಲ್ಲಿರುವ ಹೋಟಗಿಯಲ್ಲಿ ಹಳಿಯ ಉದ್ದಕ್ಕೂ ಕಳ್ಳಿ ಇದೇ ಹುಳದಿಂದ ಸತ್ತಿದೆಯಂತೆ, ಅದು ಆ ಕಡೆಯಿಂದಲೇ ಬಂದಿರಬೇಕು ಎಂದರು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಚಿಗವ್ವನ ತಮ್ಮ ಹೋಟಗಿಯಲ್ಲಿ ರೈಲ್ವೆ ಕೆಲಸದಲ್ಲಿದ್ದ. ಕಾರ್ತಿಕದಲ್ಲಿ ಅಕ್ಕನನ್ನು ನೋಡಲು ಬಂದು ಎರಡು ದಿನ ಇದ್ದು ಹೋಗಿದ್ದ. ಹುಳ ಮೊದಲು ಕಂಡದ್ದು ಚಿಗವ್ವನ ಅಂಗಳದ ಬದಿಯಲ್ಲಿ. ಕಳ್ಳಿ ಸುಟ್ಟು ಬೂದಿಯಾಗಲಿ ಎಂದವರೂ ಅವರೇ.

ಅತ್ತೆ ಎದ್ದು ಹಿತ್ತಲಿಗೆ ಹೋದರು. ನಾನು ಕೊಡ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

“ನಿಮ್ಮ ತಮ್ಮ ಹೋಟಗಿಯಿಂದ ಬರುವಾಗ ಏನ ತಂದಿದ್ದ?” ಎಂದು ಬೇಲಿಯ ಸಂದಿನಿಂದ ಕೇಳಿದರು.

“ಬಾಳಿಹಣ್ಣ ತಂದಿದ್ದ. ನಿಮ್ಮ ಮನಿಗೂ ಕೊಟ್ಟೀನಲ್ಲ,” ಎಂದರು ಚಿಗವ್ವ.

“ಹುಳಾನೂ ತಂದ ಕೊಟ್ಟನೇನ?”

ಚಿಗವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ದನಿ ಏರಿಸಲಿಲ್ಲ.

“ಕರುವಿನ ಕಣ್ಣ ಹೋದಾಗ ನಾ ಅಂದಿದ್ದು ಖರೆ. ಸಿಟ್ಟಿನಾಗ ಅಂದೆ. ಅಂದದ್ದು ಬ್ಯಾರೆ, ಮಾಡೂದು ಬ್ಯಾರೆ ಅಕ್ಕ. ನಾ ಮಾಡಿಲ್ಲ. ಗುಡಿಗೆ ಬಾ ಅಂದ್ರ ಬರ್ತೀನಿ, ಆಣಿ ಮಾಡ್ತೀನಿ.”

“ಮಾಡಿದಾಕಿಗೆ ಆಣಿ ಏನ ದೊಡ್ಡದು,” ಎಂದು ಅತ್ತೆ ಒಳಗೆ ಬಂದುಬಿಟ್ಟರು.

ನನ್ನ ಕೈಯಲ್ಲಿದ್ದ ಕೊಡ ಓರೆಯಾಗಿ ನೀರು ಕಾಲ ಮೇಲೆ ಚೆಲ್ಲುತ್ತಿತ್ತು. ಅತ್ತೆ ಅದನ್ನು ನೋಡಿ, “ನೀ ಯಾಕ ಅಂಜತಿ? ನಿನಗೇನ ಅಂದಿಲ್ಲ,” ಎಂದು ಕೊಡ ತೆಗೆದುಕೊಂಡರು.

ಮೊದಲ ಮಳೆಗೆ ಬೇಲಿ ನೆಲಕ್ಕೆ ಕುಸಿಯಿತು. ಕೊಳೆತ ನಾತ ವಾರಗಟ್ಟಲೆ ಮನೆಯೊಳಗೆ ಬರುತ್ತಿತ್ತು. ಮರೆಯೆಲ್ಲ ಬಯಲಾಯಿತು. ಅಡಿಗೆಮನೆಯ ಮೂಲೆಯಲ್ಲಿ ಹಳೆಯ ಸೀರೆ ಕಟ್ಟಿ ಸ್ನಾನ ಮಾಡತೊಡಗಿದೆವು. ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಎದ್ದು ಹಳ್ಳ ದಾಟಿ ದೂರ ಹೋಗಬೇಕಾಯಿತು. ಬಸುರಿಯರು, ಮುದುಕಿಯರು, ಹೊಟ್ಟೆ ಕೆಟ್ಟವರು ಎಲ್ಲರೂ. ನನ್ನ ನಾದಿನಿ ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ನನಗೂ ಅದೇ ಪಾಡು. ಆದರೆ ನಾನು ಅದನ್ನು ಬೇಡಿ ತಂದುಕೊಂಡವಳು. ಎಲ್ಲರೂ ಸೇರಿ ಬೈಯುತ್ತಿದ್ದದ್ದು ಚಿಗವ್ವನನ್ನು. ಬಾವಿಯ ಹತ್ತಿರ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಅವರು ನೀರು ಸೇದಿಕೊಂಡು ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ನಾನೂ ಆ ಗುಂಪಿನಲ್ಲೇ ನಿಂತಿರುತ್ತಿದ್ದೆ. ಬೈಯಲಿಲ್ಲ, ನಿಜ. ತಲೆ ಆಡಿಸಿದ್ದು ಉಂಟು.

ಮುಂದಿನ ಬೇಸಿಗೆಯಲ್ಲಿ ನಾದಿನಿಯ ಮದುವೆ ಗೊತ್ತಾಯಿತು. ಮನೆಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆದು ಬರುವ ಕೆಲಸ ಸೊಸೆಯದು. ಅತ್ತೆ ತಟ್ಟೆಯಲ್ಲಿ ಅರಿಸಿನ ಕುಂಕುಮ, ಅಕ್ಷತೆ ಇಟ್ಟುಕೊಟ್ಟು, ಯಾವ ಯಾವ ಮನೆ ಎಂದು ಹೇಳಿದರು. ಕೊನೆಗೆ, “ಬೇಲಿಯಾಚಿನ ಮನಿ ಬಿಡು,” ಎಂದರು.

“ಚಿಗವ್ವನ್ನ ಬಿಟ್ಟು ಹ್ಯಾಂಗ್ರಿ?” ಎಂದೆ. ನನ್ನ ಬಾಯಿಂದ ಬಂದ ವಿರೋಧ ಅಷ್ಟೇ.

“ಬಿಡು ಅಂದ್ರ ಬಿಡು.”

ಹೋಗುವ ಹಾದಿ ಅವರ ಮನೆಯ ಮುಂದೆಯೇ. ಚಿಗವ್ವ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಕೈಯಲ್ಲಿ ತಟ್ಟೆ ನೋಡಿ ಮೊರ ಬದಿಗಿಟ್ಟರು. ಎದ್ದು ನಿಂತು ಸೆರಗು ಸರಿಪಡಿಸಿಕೊಂಡರು. ಕೈಗೆ ಹತ್ತಿದ ಹೊಟ್ಟನ್ನು ಸೀರೆಗೆ ಒರೆಸಿಕೊಂಡರು. ನಾದಿನಿಯನ್ನು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ ಎಂದು ಅತ್ತೆಯೇ ಹೇಳಿದ್ದರು. ನಾನು ನೆಲ ನೋಡುತ್ತ ನಡೆದೆ. ಮುಂದಿನ ಮನೆಯ ಬಾಗಿಲಲ್ಲಿ ನಿಂತು ಅಕ್ಷತೆ ಕೊಡುವಾಗ ಹಿಂದೆ ತಿರುಗಿ ನೋಡಿದೆ. ಅವರು ಇನ್ನೂ ನಿಂತೇ ಇದ್ದರು.

ಮದುವೆಯಾದ ಹದಿನೈದು ದಿನಕ್ಕೆ ಅವರ ತಮ್ಮ ಬಂದ. ಹಸುವನ್ನು ಮಾರಿದರು, ಒಕ್ಕಣ್ಣಿನ ಕರುವನ್ನು ಗಾಡಿಯ ಹಿಂದೆ ಕಟ್ಟಿದರು. ಹೋಟಗಿಗೆ ಹೋಗಿ ತಮ್ಮನ ಮನೆ ಸೇರಿದರು. ಹೋಗುವಾಗ ನಮ್ಮ ಮನೆಯ ಕಡೆ ಯಾರೂ ನೋಡಲಿಲ್ಲ.

ನನಗೆ ಮಗಳು ಹುಟ್ಟಿದ್ದು ಅದರ ಮರುವರ್ಷ. ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದೆ. ಹೋಗುವಾಗ ರೈಲು ಹೋಟಗಿಯಲ್ಲಿ ನಿಂತಾಗ ಕಿಟಕಿಗೆ ಬೆನ್ನು ಹಾಕಿ ಕೂತೆ. ಕೂಸಿನೊಡನೆ ಹಿಂದಿರುಗುವಾಗ ಹಾಗೆ ಕೂರಲು ಆಗಲಿಲ್ಲ. ಕರೆತರುತ್ತಿದ್ದ ಅಣ್ಣನಿಗೆ, ಇಲ್ಲಿ ನಮ್ಮ ಚಿಗವ್ವ ಇದ್ದಾರೆ, ನೋಡಿಕೊಂಡು ಮುಂದಿನ ಗಾಡಿಗೆ ಹೋಗೋಣ ಎಂದೆ. ಅವನು ಠೇಸನ್ನಿನಲ್ಲಿ ಕೂತ. ನಾನು ಕೂಸನ್ನು ಎತ್ತಿಕೊಂಡು ಕೇಳುತ್ತ ಕೇಳುತ್ತ ಹೋದೆ.

ಚಿಗವ್ವ ತಮ್ಮನ ಮನೆಯ ಹಿಂದೆ ಬೆರಣಿ ತಟ್ಟುತ್ತಿದ್ದರು. ಬಡವಾಗಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, “ಊರಾಗ ಎಲ್ಲಾರೂ ಅರಾಮ ಅದಾರಿಲ್ಲೊ?” ಎಂದರು. ಅತ್ತೆಗೆ ಏನೋ ಆಗಿದೆ ಎಂದುಕೊಂಡಿದ್ದರು. ಅರಾಮ ಎಂದೆ. ಕೈ ತೊಳೆದು ಬಂದು ಕೂಸನ್ನು ಎತ್ತಿಕೊಂಡರು. ಕೂಸು ಅವರ ತೊಡೆಯ ಮೇಲೆ ಇರುವಾಗಲೇ ನಾನು ಎಲ್ಲ ಹೇಳಿದೆ. ಬಳೆ ಇಡಿಸಿದ್ದು, ಅಣ್ಣನಿಗೆ ಸುಳ್ಳು ಹೇಳಿದ್ದು, ಆಚೆಯ ಬದಿಗೆ ಸಿಗಿಸಿದ್ದು.

ಅವರು ಕೂಸಿನ ಕುಲಾಯಿ ಸರಿಪಡಿಸಿದರು.

“ಯಾರ್ಯಾರ ಮ್ಯಾಲೋ ಸಂಶೇ ಪಟ್ಟೆ,” ಎಂದರು. “ನನ್ನ ತಮ್ಮನ್ನೂ ಕೂಡಿಸಿ ಕೇಳೀನಿ, ಖರೇನ ನೀ ಏನರ ತಂದಿದ್ದೇನು ಅಂತ. ಅಂವ ಅತ್ತಾ. ನಿನ್ನ ಹೆಸರ ಮಾತ್ರ ನನ್ನ ಮನಸಿನ್ಯಾಗ ಬರಲೇ ಇಲ್ಲ.”

“ತಪ್ಪಾತ್ರಿ ಚಿಗವ್ವ,” ಎಂದು ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ಇದನ್ನ ನನ್ನ ಮುಂದ ಯಾಕ ಹೇಳತಿ? ನಾ ಮಾಡಿಲ್ಲ ಅಂತ ನನಗ ಮೊದಲಿಂದ ಗೊತ್ತೈತಿ. ಗೊತ್ತಿಲ್ಲದವರ ಮುಂದ ಹೋಗಿ ಹೇಳು.”

ಕೂಸಿನ ಕೈಗೆ ಒಂದು ಬೆಲ್ಲದ ಚೂರು ಮುಟ್ಟಿಸಿ ನನ್ನ ತೊಡೆಗೆ ಇಟ್ಟರು. ಮತ್ತೆ ಬೆರಣಿ ತಟ್ಟಲು ಹೋದರು.

ಊರಿಗೆ ಬಂದು ಎಂಟು ದಿನ ಸುಮ್ಮನಿದ್ದೆ. ಒಂಬತ್ತನೆಯ ದಿನ ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಹೇಳಿದೆ. ಅವರು ಎಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಕೂಸಿನ ಕಾಲು, ಕೈ, ಬೆನ್ನು ಎಲ್ಲ ಮುಗಿಸಿ ನೀರೆರೆದು ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ ಕೇಳಿದರು.

“ಎದರಾಗ ತಂದಿ?”

“ಪೆಟಿಗ್ಯಾಗ್ರಿ.”

“ಆ ಪೆಟಿಗಿ ಇಳಿಸಿಕೊಂಡಾಕಿ ನಾನ.”

ಬೈಯುತ್ತಾರೆ, ಹೊಡೆಯುತ್ತಾರೆ, ತವರಿಗೆ ಕಳಿಸುತ್ತಾರೆ ಎಂದು ಎಲ್ಲಕ್ಕೂ ನಾನು ಸಿದ್ಧಳಾಗಿದ್ದೆ. ಅವರು ಗೋಡೆಗೆ ಒರಗಿ ಕೂತರು.

“ಬ್ಯಾಡಾಗಿದ್ರ ಬ್ಯಾಡ ಅನ್ನಬೇಕಿತ್ತು. ನಿಧಾನಕ ನಾನ ಸವರತಿದ್ದೆ. ಕಳ್ಳಿ ಹೋತು, ಹೋಗಲಿ. ಮತ್ತ ಹಚ್ಚಿದ್ರ ಮತ್ತ ಬೆಳೀತಿತ್ತು. ನಾ ಅಕಿನ್ನ ಮದಿವಿಗಿ ಕರೀಲಿಲ್ಲಲ್ಲ,” ಎಂದರು. ಮತ್ತೆ ಅದನ್ನೇ ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, “ಅವತ್ತ ಯಾವ್ಯಾವ ಮನಿಗೆ ಅಕ್ಷತಿ ಕೊಟ್ಟಿ, ಆ ಎಲ್ಲಾ ಮನಿಗೂ ಹೋಗು. ಇದನ್ನ ಹೇಳಿ ಬಾ,” ಎಂದರು.

ಮರುದಿನ ಅವರು ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ಮಗನ ಜೊತೆ ಹೋಟಗಿಗೆ ಹೋದರು. ನಾನು ಮನೆಮನೆಗೆ ಹೊರಟೆ.

ಮೊದಲ ಮನೆಯಲ್ಲಿ ನಿಜ ಹೇಳಿದೆ. ಆ ಮನೆಯ ಹಿರಿಯಳು, ಕತ್ತಲಲ್ಲಿ ಹಳ್ಳ ದಾಟುವಾಗ ಬಿದ್ದು ಕೈ ಮುರಿದುಕೊಂಡವಳು, ನನ್ನ ಮುಖ ನೋಡುತ್ತ, “ಓದಿದಾಕಿ ಅಂತ ತಿಳಿದಿದ್ವಿ ನಿನ್ನ,” ಎಂದಳು. ಎರಡನೆಯ ಮನೆಯಲ್ಲೂ ನಿಜ ಹೇಳಿದೆ. ಅಲ್ಲಿ ಯಾರೂ ನನ್ನನ್ನು ಕೂರು ಎನ್ನಲಿಲ್ಲ. ಮೂರನೆಯ ಮನೆಯ ಹೊಸ್ತಿಲು ಹತ್ತುವಾಗ ಮಾತು ಬದಲಿಸಿದೆ. “ಹುಳ ಸೊಲ್ಲಾಪುರದಿಂದ ನನ್ನ ಸಾಮಾನಿನ್ಯಾಗ ಬಂದಿತ್ತಂತ ಕಾಣತೈತಿ. ನನಗೂ ಗೊತ್ತಾಗಲಿಲ್ಲ. ಚಿಗವ್ವ ಮಾಡಿದ್ದಲ್ಲ,” ಎಂದೆ. ಆ ಮನೆಯವರು, ಹೋಗಲಿ ಬಿಡು ತಂಗಿ, ನೀ ಏನ ಮಾಡತಿ, ಎಂದು ಮಜ್ಜಿಗೆ ಕೊಟ್ಟರು. ನಾನು ಕುಡಿದೆ. ಉಳಿದ ಎಲ್ಲ ಮನೆಗಳಲ್ಲೂ ಹೀಗೇ ಹೇಳಿದೆ. ಚಿಗವ್ವನ ಮೇಲಿನ ಅಪವಾದ ಹೋಯಿತಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡೆ. ಸಂಜೆಯೊಳಗೆ ಊರಲ್ಲಿ ಉಳಿದದ್ದು ಈ ಎರಡನೆಯ ಕತೆ. ಮೊದಲ ಎರಡು ಮನೆಯವರ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತೆ ಹೋಟಗಿಯಿಂದ ಮೂರನೆಯ ದಿನ ಬಂದರು. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ. ಚಿಗವ್ವ ಜೊತೆಗೆ ಬಂದಿರಲಿಲ್ಲ. ನನ್ನನ್ನು, “ಎಲ್ಲಾ ಮನಿಗೆ ಹೋಗಿದ್ದೇನು?” ಎಂದು ಕೇಳಿದರು. “ಹೋಗಿದ್ದೆರಿ,” ಎಂದೆ.

ಕೆಲವು ತಿಂಗಳ ಮೇಲೆ, ಬಾಣಂತನಕ್ಕೆ ಬಂದಿದ್ದ ನಾದಿನಿಯ ಮಗನಿಗೆ ಹೆಸರಿಡುವ ದಿನ ಚಿಗವ್ವ ಬಂದರು. ಅತ್ತೆ ಬಾಗಿಲಿಗೇ ಹೋಗಿ ಕೈ ಹಿಡಿದು ಕರೆತಂದು, ಕೂಸನ್ನು ಮೊದಲು ಅವರ ಮಡಿಲಿಗೇ ಹಾಕಿದರು. ಊಟದ ಸಾಲಿನಲ್ಲಿ ಇಬ್ಬರೂ ಒತ್ತಿ ಕೂತಿದ್ದರು. ನಾನು ಬಡಿಸುತ್ತಿದ್ದೆ. ಆಗ ನಮ್ಮ ಓಣಿಯವಳೊಬ್ಬಳು ಚಿಗವ್ವನಿಗೆ, “ನಿಮ್ಮ ಮ್ಯಾಲ ಸುಳ್ಳ ಹೆಸರ ಬಂತ್ರಿ. ಪಾಪ, ಇಕಿಗೂ ಗೊತ್ತಿದ್ದಿಲ್ಲ. ಅರಿವಿಗೆ ಹತ್ತಿಕೊಂಡು ಬಂದಿತ್ತಂತ ಹುಳ,” ಎಂದಳು.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಚಿಗವ್ವನೂ ನೋಡಿದರು.

“ಹೌದೇನ?” ಎಂದು ಚಿಗವ್ವ ಕೇಳಿದರು. ಕೇಳಿದ್ದು ನನ್ನನ್ನು. ದನಿಯಲ್ಲಿ ಕೋಪವಿರಲಿಲ್ಲ. ಹೇಳಲು ನನಗೆ ಇನ್ನೊಂದು ಅವಕಾಶ ಕೊಡುತ್ತಿದ್ದಾರೆಂದು ನನಗೆ ತಿಳಿಯಿತು.

ಸಾಲಿನಲ್ಲಿ ಇಪ್ಪತ್ತು ಜನರಿದ್ದರು. ಬೀಗರೂ ಇದ್ದರು. ನನ್ನ ಕೈಯಲ್ಲಿ ಸಾರಿನ ಪಾತ್ರೆಯಿತ್ತು.

“ಹೂನ್ರಿ,” ಎಂದೆ.

ಚಿಗವ್ವ ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಅತ್ತೆ ಬಹಳ ಹೊತ್ತು ಕಲಸಲಿಲ್ಲ.

ಮರುದಿನ ಬೆಳಿಗ್ಗೆ ಚಿಗವ್ವ ಹೊರಟಾಗ ನನ್ನ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಅವರ ಗಂಟು ಹಿಡಿದು ಗಾಡಿಯವರೆಗೆ ಹೋದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. “ಕೂಸಿಗೆ ಬಿಸಲ ಹತ್ತತೈತಿ, ಒಳಗ ನಡಿ,” ಎಂದರು. ಆಮೇಲೆ ಅವರು ನಮ್ಮ ಊರಿಗೆ ಬರಲಿಲ್ಲ. ಕೆಲವು ವರ್ಷದ ಮೇಲೆ ಹೋಟಗಿಯಲ್ಲಿಯೇ ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅತ್ತೆ ಎರಡು ದಿನ ಊಟ ಮಾಡಲಿಲ್ಲ. ತಾವು ಇರುವವರೆಗೂ ಆ ಪ್ರಸಂಗ ಬಂದಾಗಲೆಲ್ಲ, “ತಪ್ಪು ನಂದು, ನಾ ಕರೀಲಿಲ್ಲ,” ಎನ್ನುತ್ತಿದ್ದರು. ನನ್ನ ಹೆಸರು ಎತ್ತುತ್ತಿರಲಿಲ್ಲ. ನಾನು ಪಕ್ಕದಲ್ಲೇ ಇರುತ್ತಿದ್ದೆ.

ಆ ಊರಿನಲ್ಲಿ ಹಳಬರು ಯಾರಾದರೂ ಇದ್ದರೆ ಈಗಲೂ ಹೇಳಬಹುದು, ಡಬ್ಬಗಳ್ಳಿಯ ಹುಳ ಸೊಲ್ಲಾಪುರದಿಂದ ಅರಿವೆಗೆ ಹತ್ತಿಕೊಂಡು ಬಂತು ಎಂದು. ಅದು ಸುಳ್ಳು. ನಾನು ಅದನ್ನು ಆರಿಸಿ, ಕೊಯ್ಯಿಸಿ, ಹಾಳೆಯಲ್ಲಿ ಸುತ್ತಿ ತಂದೆ.